ಕನ್ನದ ಕಳ್ಳ ಮತ್ತು ಮನೆಯ ಕೋವಿ

ನಡುರಾತ್ರಿ. ಊರೆಲ್ಲ ಮಲಗಿದೆ. ಹಿತ್ತಿಲ ಗೋಡೆಯ ಕಡೆಯಿಂದ ಮಣ್ಣು ಉದುರುವ ಸದ್ದು ಕೇಳಿ ಮನೆಯ ಯಜಮಾನನಿಗೆ ಎಚ್ಚರವಾಗುತ್ತದೆ. ತಲೆಯ ಮೇಲಿನ ಗೂಟದಲ್ಲಿ ಕೋವಿ ತೂಗುತ್ತಿದೆ. ಅದನ್ನು ಅವನು ಕೈಗೆತ್ತಿಕೊಳ್ಳಬಹುದೇ? ಎತ್ತಿಕೊಂಡ ಮೇಲೆ ಹಾರಿಸಬಹುದೇ? ಹಾರಿಸಿ, ಕಳ್ಳನು ಸತ್ತರೆ, ಬೆಳಗಾಗುವ ಹೊತ್ತಿಗೆ ಯಜಮಾನನು ಠಾಣೆಯಲ್ಲಿ ಫಿರ್ಯಾದಿಯಾಗಿ ನಿಲ್ಲುವನೋ, ಆರೋಪಿಯಾಗಿ ನಿಲ್ಲುವನೋ?

ಈ ಪ್ರಶ್ನೆ ಕೋವಿಗಿಂತ ಬಹಳ ಹಳೆಯದು. ಯೆಹೂದ್ಯರ ಧರ್ಮಗ್ರಂಥದಲ್ಲಿ ಕನ್ನ ಕೊರೆಯುತ್ತ ಸಿಕ್ಕಿಬಿದ್ದ ಕಳ್ಳನನ್ನು ಕೊಂದವನಿಗೆ ರಕ್ತದ ದೋಷವಿಲ್ಲ. ಆದರೆ ಸೂರ್ಯ ಹುಟ್ಟಿದ ಮೇಲೆ ಕೊಂದರೆ ದೋಷವುಂಟು. ಕ್ರಿಸ್ತಪೂರ್ವ ಐದನೆಯ ಶತಮಾನದ ರೋಮಿನ ಹನ್ನೆರಡು ಫಲಕಗಳ ಶಾಸನವೂ ರಾತ್ರಿಯ ಕಳ್ಳನನ್ನು ಕೊಲ್ಲಲು ಒಪ್ಪಿಗೆಯಿತ್ತು, ಹಗಲಿನ ಕಳ್ಳನನ್ನು ಅವನು ಆಯುಧ ಹಿಡಿದು ಎದುರಿಸಿದಾಗ ಮಾತ್ರ ಕೊಲ್ಲಬಹುದೆಂದಿತು. ನಮ್ಮ ಸ್ಮೃತಿಕಾರರು ಬೆಂಕಿಯಿಡುವವನು, ವಿಷವಿಕ್ಕುವವನು, ಆಯುಧವೆತ್ತಿ ಬರುವವನು, ಧನ, ಕ್ಷೇತ್ರ, ಹೆಂಡತಿಯರನ್ನು ಅಪಹರಿಸುವವನು ಎಂದು ಆತತಾಯಿಗಳನ್ನು ಎಣಿಸಿದರು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣ ಪಟ್ಟಣದಲ್ಲಿದ್ದ ವಿಜ್ಞಾನೇಶ್ವರನೂ ತನ್ನ ಮಿತಾಕ್ಷರೆಯಲ್ಲಿ ಆತತಾಯಿಯ ವಧೆಯ ಪ್ರಶ್ನೆಯನ್ನು ಎತ್ತಿಕೊಂಡು ಚರ್ಚಿಸಿದ್ದಾನೆ. ಹಗಲಿಗೊಂದು, ಇರುಳಿಗೊಂದು ನ್ಯಾಯವೇಕೆ? ಕತ್ತಲಲ್ಲಿ ಬಂದವನು ಯಾರು, ಅವನ ಕೈಯಲ್ಲಿ ಏನಿದೆ, ಅವನಿಗೆ ಬೇಕಾದದ್ದು ಪೆಟ್ಟಿಗೆಯೋ ಪ್ರಾಣವೋ ಎಂಬುದು ಮಲಗಿದ್ದವನಿಗೆ ತಿಳಿಯದು. ಕೂಗಿದರೆ ಬರುವ ನೆರೆಯವರೂ ನಿದ್ದೆಯಲ್ಲಿರುತ್ತಾರೆ. ಹಳೆಯ ಶಾಸನಕರ್ತರು ಮನ್ನಿಸಿದ್ದು ಆ ಅಸಹಾಯಕ ಭಯವನ್ನು. ಕಳ್ಳನ ಮೇಲಿನ ಕೋಪವನ್ನಲ್ಲ.

ಇಂದು ನಮ್ಮನ್ನಾಳುವ ನಿಯಮದ ಮೂಲ ಕರಡು ಸಿದ್ಧವಾದದ್ದು 1837ರಲ್ಲಿ, ಥಾಮಸ್ ಮೆಕಾಲೆಯ ನೇತೃತ್ವದ ಕಾನೂನು ಆಯೋಗದಿಂದ. ಆ ಕರಡಿನೊಡನೆ ಮೆಕಾಲೆ ಬರೆದ ಟಿಪ್ಪಣಿಯೊಂದು ಕುತೂಹಲಕಾರಿಯಾಗಿದೆ. ಆತ್ಮರಕ್ಷಣೆಗೆ ಇಷ್ಟು ಸಲಿಗೆ ಕೊಡಬಹುದೇ ಎಂಬ ಆಕ್ಷೇಪವನ್ನು ಅವನು ತಾನೇ ಎತ್ತಿಕೊಳ್ಳುತ್ತಾನೆ. ದುಡುಕು ಸ್ವಭಾವದ ಜನಕ್ಕೆ ಕಾನೂನು ಮಾಡುವುದಾಗಿದ್ದರೆ ಇನ್ನೂ ಬಿಗಿಯಾದ ಕಟ್ಟುಪಾಡು ಬೇಕಾಗುತ್ತಿತ್ತು. ಈ ದೇಶದಲ್ಲಿ ಅಪಾಯವಿರುವುದು ಇನ್ನೊಂದು ಕಡೆ. ಜನರು ದರೋಡೆಕೋರರ ಹಾವಳಿಯನ್ನು ತಲೆಬಾಗಿ ಸಹಿಸುತ್ತಾರೆ. ಆದ್ದರಿಂದ ಅವರಲ್ಲಿ ಎದೆಗಾರಿಕೆಯನ್ನು ಹುಟ್ಟಿಸುವುದೇ ಮೇಲು ಎಂಬುದು ಅವನ ವಾದದ ಸಾರ. ಈ ಮಾತಿನಲ್ಲಿರುವ ಆಳುವವನ ಗರ್ವವನ್ನು ನಾವು ಗುರುತಿಸಲೇಬೇಕು. ಆದರೆ ಅದರ ಫಲವಾಗಿ ದೊರೆತ ಕಾನೂನು ಉದಾರವಾದದ್ದು ಎಂಬುದನ್ನೂ ಒಪ್ಪಬೇಕು. ಭಾರತೀಯ ದಂಡ ಸಂಹಿತೆ 1860ರಲ್ಲಿ ಅಂಗೀಕಾರವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂದಿತು.

ಕರಡಿಗೂ ಕಾನೂನಿಗೂ ನಡುವೆ 1857 ಬಂದುಹೋಗಿತ್ತು. ಆ ವರ್ಷ ಸರ್ಕಾರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ತಂದು, ಜನರು ತಮ್ಮಲ್ಲಿರುವ ಆಯುಧಗಳನ್ನು ಒಪ್ಪಿಸಬೇಕೆಂದಿತು. ಅಂದಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. 1857ರ ನವೆಂಬರಿನಲ್ಲಿ ಸೈನ್ಯ ಆ ಊರಿನ ಮೇಲೆ ಬಿತ್ತು, ಊರು ಸುಟ್ಟಿತು, ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಫ್ಲೀಟ್ ಸಂಗ್ರಹಿಸಿದ ಲಾವಣಿಯೊಂದರಿಂದಾಗಿ ಆ ಹೆಸರುಗಳು ನಮ್ಮ ನೆನಪಿನಲ್ಲಿ ಉಳಿದಿವೆ. ಜನರು ತಲೆಬಾಗಿ ಸಹಿಸುತ್ತಾರೆಂದು ಮೆಕಾಲೆ ಬರೆದು ಇಪ್ಪತ್ತು ವರ್ಷವಷ್ಟೇ ಆಗಿತ್ತು.

ಇದರ ಮಗ್ಗುಲಲ್ಲಿಯೇ ಇನ್ನೊಂದು ಸಂಗತಿಯನ್ನಿಟ್ಟು ನೋಡಬೇಕು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ಘೋಷಿಸಿದ. ಅವರ ಶೌರ್ಯ ಮತ್ತು ನಿಷ್ಠೆ ಅದಕ್ಕೆ ಕೊಟ್ಟ ಕಾರಣ. ಸ್ವತಂತ್ರ ಭಾರತದ ಸರ್ಕಾರಗಳೂ ಆ ವಿನಾಯಿತಿಯನ್ನು ಮುಂದುವರಿಸಿಕೊಂಡು ಬಂದವು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುವ ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ, ಹುಟ್ಟಿಗೂ ಸಾವಿಗೂ ಗುಂಡು ಹಾರಿಸಿ ಸುದ್ದಿ ಸಾರುವ ಆ ನಾಡಿನಲ್ಲಿ ಕೋವಿ ಮನೆಯ ಹಿರಿಯನಂತೆ. ಆದರೆ ಈ ವಿನಾಯಿತಿಯ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಅದು ಪರವಾನಗಿಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳಲು ಕೊಟ್ಟ ವಿನಾಯಿತಿ. ಮನುಷ್ಯನ ಮೇಲೆ ಅದನ್ನು ಹಾರಿಸಲು ಕೊಟ್ಟದ್ದಲ್ಲ. ಗುಂಡು ಹಾರಿದ ಮೇಲೆ ಮಡಿಕೇರಿಯವನಿಗೂ ಮುಧೋಳದವನಿಗೂ ಇರುವುದು ಒಂದೇ ದಂಡಸಂಹಿತೆ.

ಹೀಗೆ ಒಂದೇ ಸರ್ಕಾರ ಒಂದು ಕೈಯಿಂದ ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿತು, ಇನ್ನೊಂದು ಕೈಯಿಂದ ಆಯುಧವನ್ನು ಕಿತ್ತುಕೊಂಡಿತು. 1878ರ ಶಸ್ತ್ರ ಕಾಯಿದೆ ಇದನ್ನು ಪೂರ್ಣಗೊಳಿಸಿತು. ನಮ್ಮ ರಾಷ್ಟ್ರೀಯ ಚಳವಳಿ ಇದನ್ನು ಅವಮಾನವೆಂದೇ ಭಾವಿಸಿತ್ತು. ಅಹಿಂಸೆಯನ್ನು ವ್ರತವಾಗಿ ಹಿಡಿದ ಕಾಂಗ್ರೆಸ್ಸೇ 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧವಿಟ್ಟುಕೊಳ್ಳುವ ಹಕ್ಕನ್ನು ಸೇರಿಸಿತು. ಆದರೆ 1948ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್ ಅವರು ಈ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ತಿದ್ದುಪಡಿ ಸೂಚಿಸಿದಾಗ ಡಾ. ಅಂಬೇಡ್ಕರ್ ಅದನ್ನು ವಿರೋಧಿಸಿದರು. ಸಭೆ ಅದನ್ನು ತಿರಸ್ಕರಿಸಿತು. ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಪ್ರತಿಯೊಬ್ಬನ ಮನೆಯಲ್ಲಿ ಕೋವಿಯಿದ್ದರೆ ದುರ್ಬಲನು ಸುರಕ್ಷಿತನಾಗುವನೋ, ಬಲವಂತನು ಇನ್ನಷ್ಟು ಬಲವಂತನಾಗುವನೋ ಎಂಬ ಪ್ರಶ್ನೆಗೆ ಆ ದಿನಗಳಲ್ಲಿ ಸುಲಭದ ಉತ್ತರವಿರಲಿಲ್ಲ. 1959ರ ಶಸ್ತ್ರ ಕಾಯಿದೆಯಲ್ಲಿಯೂ ಕೋವಿ ಪರವಾನಗಿಯ ವಸ್ತುವಾಗಿಯೇ ಉಳಿಯಿತು. ನಮ್ಮಲ್ಲಿ ರಕ್ಷಿಸಿಕೊಳ್ಳುವುದು ಹಕ್ಕು. ಕೋವಿ ಹೊಂದುವುದು ಅನುಮತಿ.

ಇನ್ನು ಆ ಹಕ್ಕಿನ ಎಲ್ಲೆ ಯಾವುದು? ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳು ಇದನ್ನು ಹೇಳುತ್ತಿದ್ದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಅವನ್ನೇ 34ರಿಂದ 44ರವರೆಗೆ ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿದೆ. ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ನ್ಯಾಯವಾದ ಭಯವಿದ್ದಾಗ, ಅತ್ಯಾಚಾರ, ಅಪಹರಣದಂಥ ಆಕ್ರಮಣ ನಡೆದಾಗ, ಎದುರಾಳಿಯ ಸಾವಿನವರೆಗೂ ಹಕ್ಕು ಹೋಗಬಹುದು. ಸ್ವತ್ತಿನ ವಿಷಯದಲ್ಲಿ ಸುಲಿಗೆ, ರಾತ್ರಿಯ ಕನ್ನ, ವಾಸದ ಮನೆಗೆ ಬೆಂಕಿಯಿಡುವುದು, ಇವುಗಳ ಎದುರಿಗೂ ಹಾಗೆಯೇ. ಬರಿಯ ಕಳವು, ಬರಿಯ ಅತಿಕ್ರಮ ಪ್ರವೇಶವಾದರೆ, ಪ್ರಾಣಭಯವನ್ನು ಹುಟ್ಟಿಸುವ ಸನ್ನಿವೇಶವಿಲ್ಲದಿದ್ದಲ್ಲಿ, ಕೊಲ್ಲುವ ಹಕ್ಕಿಲ್ಲ. ಬೆಳಗ್ಗೆ ತೋಟದಲ್ಲಿ ತೆಂಗಿನಕಾಯಿ ಕೀಳುವವನ ಮೇಲೆ ಗುಂಡು ಹಾರಿಸಿದವನು ಕೊಲೆಗೆ ಉತ್ತರ ಹೇಳಬೇಕಾಗುತ್ತದೆ.

ಎಲ್ಲಕ್ಕೂ ಮೇಲೆ ಎರಡು ಕಟ್ಟುಗಳಿವೆ. ಅಧಿಕಾರಿಗಳ ರಕ್ಷಣೆ ಪಡೆಯಲು ಸಮಯವಿದ್ದಾಗ ಈ ಹಕ್ಕಿಲ್ಲ; ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ರಾತ್ರಿಯ ಕನ್ನದ ವಿಚಾರದಲ್ಲಿ ಹಕ್ಕು ಕಳ್ಳನ ಆ ಪ್ರವೇಶ ಮುಂದುವರಿಯುವವರೆಗೆ ಮಾತ್ರ. ಕಳ್ಳ ಗೋಡೆ ಹಾರಿ ಓಡಿದನೆಂದರೆ, ಒಂದು ಕ್ಷಣದ ಹಿಂದೆ ನ್ಯಾಯವಾಗಿದ್ದ ಗುಂಡು ಈ ಕ್ಷಣದಲ್ಲಿ ಅಪರಾಧವಾಗುತ್ತದೆ. ಸದ್ಭಾವನೆಯಿಂದ, ಪೂರ್ವಯೋಚನೆಯಿಲ್ಲದೆ, ಎಲ್ಲೆ ಮೀರಿದವನನ್ನು ಕಾನೂನು ಕೊಲೆಗಾರನೆಂದು ಕರೆಯುವುದಿಲ್ಲ. ಆದರೆ ನಿರ್ದೋಷಿಯೆಂದೂ ಬಿಟ್ಟುಬಿಡುವುದಿಲ್ಲ.

1962ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಪಂಜಾಬಿನ ಮೊಕದ್ದಮೆಯೊಂದು ಬಂದಿತು. ಮನೆಯದಲ್ಲ, ಹೊಲದ ಜಗಳ. ಆದರೆ ತತ್ವ ಒಂದೇ. ಹೊಲ ಕೈಯಲ್ಲಿದ್ದವರ ಮೇಲೆ ಎದುರು ಪಕ್ಷದವರು ಏರಿಬಂದಿದ್ದರು. ರಕ್ಷಿಸಿಕೊಳ್ಳುವ ಹಕ್ಕು ಹುಟ್ಟಿತ್ತು. ಆದರೆ ಬಂದವರು ಓಡತೊಡಗಿದ ಮೇಲೆ, ದೂರದಲ್ಲಿದ್ದವರ ಮೇಲೆ ಗುಂಡು ಹಾರಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರ್ ತೀರ್ಪು ಬರೆದರು. ಅಪಾಯದಲ್ಲಿರುವವನು ಪ್ರತಿಯೊಂದು ಪೆಟ್ಟನ್ನೂ ಚಿನ್ನದ ತಕ್ಕಡಿಯಲ್ಲಿ ತೂಗಲಾರನೆಂಬುದನ್ನು ನಮ್ಮ ನ್ಯಾಯಾಲಯಗಳು ಎಂದಿನಿಂದಲೂ ಒಪ್ಪಿವೆ. ಆದರೆ ಅಪಾಯವೇ ಬೆನ್ನು ತಿರುಗಿಸಿದ ಮೇಲೆ ಹಾರಿದ ಗುಂಡಿಗೆ ಆ ಆಸರೆಯಿಲ್ಲವೆಂದು ತೀರ್ಪು ಹೇಳಿತು.

ಯಜಮಾನನಿಲ್ಲದ ಮನೆಯಲ್ಲಿ ಕೋವಿಯನ್ನೇ ಕಾವಲಿಗಿಟ್ಟರೆ? ಬಾಗಿಲು ತೆರೆದರೆ ತಾನೇ ಹಾರುವಂತೆ ಕುದುರೆಗೆ ದಾರ ಕಟ್ಟಿದ ಕೋವಿಗಳು ಇಂಗ್ಲೆಂಡಿನ ತೋಟಗಳಲ್ಲಿ ಬಹಳ ಇದ್ದವು. 1827ರಲ್ಲಿ ಅಲ್ಲಿನ ಪಾರ್ಲಿಮೆಂಟು ಅವನ್ನು ನಿಷೇಧಿಸಿತು. ಅಮೆರಿಕದ ಅಯೋವಾ ರಾಜ್ಯದಲ್ಲಿ ಖಾಲಿ ಬಿದ್ದ ಹಳೆಯ ಮನೆಯ ಕೋಣೆಯಲ್ಲಿ ದಂಪತಿಗಳಿಬ್ಬರು ಇಂಥದೊಂದನ್ನು ಹೂಡಿದ್ದರು. ಹಳೆಯ ಸೀಸೆಗಳಿಗಾಗಿ ನುಗ್ಗಿದವನ ಕಾಲಿಗೆ ಗುಂಡು ಬಿತ್ತು. 1971ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕಳ್ಳತನಕ್ಕೆ ಬಂದವನಿಗೇ 30,000 ಡಾಲರ್ ಪರಿಹಾರವನ್ನು ಸ್ಥಿರಪಡಿಸಿತು. ಕೇಳಿದವರು ಬೆರಗಾದರು. ಆದರೆ ಆ ಮನೆಯಲ್ಲಿ ಅಂದು ಪ್ರಾಣಭಯಪಟ್ಟವರು ಯಾರೂ ಇರಲಿಲ್ಲ. ಬಂದವನು ಕಳ್ಳನೋ, ದಾರಿ ತಪ್ಪಿದ ಮಗುವೋ ಎಂದು ನೋಡುವ ಕಣ್ಣು ಆ ಕೋವಿಗೆ ಇರಲಿಲ್ಲ.

ಮತ್ತೆ ಆ ನಡುರಾತ್ರಿಯ ಮನೆಗೆ ಬರೋಣ. ಮಣ್ಣು ಉದುರುತ್ತಿದೆ, ಯಜಮಾನನು ಕೋವಿ ಹಿಡಿದು ನಿಂತಿದ್ದಾನೆ. ಕಾನೂನು ಅವನನ್ನು ಹೇಡಿಯಾಗು ಎನ್ನುವುದಿಲ್ಲ, ತನ್ನ ಮನೆಯಿಂದ ತಾನೇ ಓಡಿಹೋಗು ಎನ್ನುವುದಿಲ್ಲ. ಅವನು ಕೂಗಲಿ; ದೀಪ ಹಚ್ಚಲಿ; ಒಳಗೆ ಬಂದವನು ಮೇಲೆ ಬಿದ್ದರೆ ಎದುರಿಸಲಿ. ಕೂಗಿಗೆ ಹೆದರಿ ಅವನು ಓಡಿದರೆ ಕೋವಿಯನ್ನು ಕೆಳಗಿಳಿಸಲಿ. ಹಲಗಲಿಯವರು ಆಯುಧಕ್ಕಾಗಿ ಪ್ರಾಣ ಕೊಟ್ಟದ್ದು ಸುಳ್ಳಲ್ಲ. ಆ ಮಾನ ದೊಡ್ಡದು. ಆದರೆ ಓಡುವವನ ಬೆನ್ನು ಕಂಡಾಗ ಬೆರಳನ್ನು ತಡೆದುಕೊಳ್ಳುವುದಕ್ಕೂ ಅಷ್ಟೇ ಎದೆಗಾರಿಕೆ ಬೇಕು. ಮೆಕಾಲೆಯ ಟಿಪ್ಪಣಿ ಈ ಎರಡನೆಯ ಎದೆಗಾರಿಕೆಯ ಮಾತನ್ನು ಆಡಲಿಲ್ಲ; ಅವನ ಕರಡಿನಿಂದ ಹುಟ್ಟಿದ ಕಾನೂನು ಮಾತ್ರ ಅದನ್ನು ಇಂದಿಗೂ ನಮ್ಮಿಂದ ಕೇಳುತ್ತಿದೆ.