ಥ್ರಾಂಬಿನ್

ಗ್ರೀಕಿನ ‘ಥ್ರೊಂಬೊಸ್’ ಎಂದರೆ ಗಡ್ಡೆ, ಹೆಪ್ಪುಗಟ್ಟಿದ ರಕ್ತ. ಗರಣೆಗಟ್ಟಿದ ಹಾಲಿಗೂ ಅದೇ ಮಾತು. ನಮ್ಮ ‘ಹೆಪ್ಪು’ ಕೂಡ ಹಾಲು, ನೆತ್ತರು ಎರಡಕ್ಕೂ ಸಲ್ಲುತ್ತದಲ್ಲ! ಆ ಬೇರಿನಿಂದ ರಕ್ತ ಹೆಪ್ಪುಗಟ್ಟಿಸುವ ಕಿಣ್ವಕ್ಕೆ ಥ್ರಾಂಬಿನ್ ಎಂದು ಹೆಸರು ಕಟ್ಟಿದವರು 19ನೆಯ ಶತಮಾನದ ಶರೀರವಿಜ್ಞಾನಿ ಅಲೆಕ್ಸಾಂಡರ್ ಷ್ಮಿಟ್. ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಇದರಿಂದಲೇ ಫೈಬ್ರಿನ್ ಎಳೆಗಳಾಗುವುದು. ಆದರೆ ಹೆಸರು ಕಿಣ್ವದ ಅರ್ಧ ಕತೆಯನ್ನಷ್ಟೇ ಹೇಳುತ್ತದೆ. ಇದರ ಪೂರ್ವರೂಪವಾದ ಪ್ರೋಥ್ರಾಂಬಿನ್ ಹೆಚ್ಚಾಗಿ ಯಕೃತ್ತಿನಲ್ಲಿ ತಯಾರಾದರೂ ಮಿದುಳಿನಲ್ಲೂ ಉಂಟು. ನರಕೋಶಗಳ ಹೊರಮೈಯಲ್ಲಿರುವ ಪಾರ್-1 ಎಂಬ ಗ್ರಾಹಕದ ತುದಿಯನ್ನು ಕತ್ತರಿಸಿ ಥ್ರಾಂಬಿನ್ ಒಳಗೆ ಸಂಕೇತ ಕಳಿಸುತ್ತದೆ. ಪ್ರಯೋಗಗಳಲ್ಲಿ ತೀರ ಅಲ್ಪ ಪ್ರಮಾಣ ನರಕೋಶಗಳನ್ನು ಕಾಪಾಡಿದೆ, ಹೆಚ್ಚಾದಾಗ ಕೊಂದಿದೆ. ಮಿದುಳಿನಲ್ಲಿ ರಕ್ತಸ್ರಾವವಾದಾಗ ಸುತ್ತಲಿನ ಭಾಗ ಊದಿಕೊಳ್ಳುವುದರಲ್ಲೂ ಇದರ ಕೈವಾಡವಿದೆ. ಹಾಗಾಗಿ ‘ಹೆಪ್ಪುಕಾರಕ’ ಎಂದು ಕನ್ನಡಿಸುವುದಕ್ಕಿಂತ ಥ್ರಾಂಬಿನ್ ಎಂದೇ ಬರೆಯುವುದು ಲೇಸು.