ಮಾಫಿ ಸಾಕ್ಷಿ ಮತ್ತು ಮೌನದ ಹಕ್ಕು

ತಾನೂ ಭಾಗಿಯಾದ ಅಪರಾಧದ ಪೂರ್ಣ ಸತ್ಯವನ್ನು ಹೇಳುವ ಷರತ್ತಿಗೆ ಒಪ್ಪಿ, ನ್ಯಾಯಾಲಯದಿಂದ ಕ್ಷಮೆ ಪಡೆದು, ಉಳಿದ ಆರೋಪಿಗಳ ವಿರುದ್ಧ ಸಾಕ್ಷ್ಯ ನುಡಿಯುವವನೇ ಮಾಫಿ ಸಾಕ್ಷಿ. ರಾಷ್ಟ್ರಪತಿ ಅಥವಾ ರಾಜ್ಯಪಾಲರು ಶಿಕ್ಷಿತರಿಗೆ ಕೊಡುವ ಕ್ಷಮಾದಾನವನ್ನು ಇದರ ಜೊತೆ ಬೆರೆಸಿ ಬರೆಯುವ ರೂಢಿಯಿಂದ ಬಹಳ ಗೊಂದಲವಾಗಿದೆ. ಅದು ಶಿಕ್ಷೆಗೆ ಸಂಬಂಧಿಸಿದ್ದು. ಇದು ವಿಚಾರಣೆಗೆ ಮೊದಲು ಅಥವಾ ವಿಚಾರಣೆ ನಡೆಯುವಾಗ ಸಾಕ್ಷ್ಯಕ್ಕಾಗಿ ಕೊಡುವ ಷರತ್ತಿನ ಕ್ಷಮೆ.

1898ರ ದಂಡ ಪ್ರಕ್ರಿಯಾ ಸಂಹಿತೆಯ 337ರಿಂದ 339ನೇ ಕಲಮುಗಳು 1973ರ ಸಂಹಿತೆಯಲ್ಲಿ 306ರಿಂದ 308 ಆದವು. ನಡುವೆ ಸಂವಿಧಾನದ 20(3)ನೇ ವಿಧಿ ಬಂತು: ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತಪಡಿಸುವಂತಿಲ್ಲ. ಹಾಗಾದರೆ ಕ್ಷಮೆ ಕೊಟ್ಟು ಬಾಯಿ ಬಿಡಿಸುವುದು ಬಲವಂತವಲ್ಲವೇ? ಅಮೆರಿಕದಲ್ಲಿ ಪತ್ರಿಕಾ ಸಂಪಾದಕ ಬರ್ಡಿಕ್ ಅಧ್ಯಕ್ಷ ವಿಲ್ಸನ್ನರ ಕ್ಷಮೆಯನ್ನೇ ತಿರಸ್ಕರಿಸಿ ಮೌನ ಉಳಿಸಿಕೊಂಡರು. 1915ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಭಾರತದಲ್ಲೂ ಕ್ಷಮೆಯನ್ನು ಒಪ್ಪಿದರೆ ಮಾತ್ರ ಅದಕ್ಕೆ ಬಲ. ಒಪ್ಪಿದ ಮೇಲೆ ಅವನು ಆರೋಪಿಯಾಗಿ ಉಳಿಯುವುದಿಲ್ಲ, ಸಾಕ್ಷಿಯಾಗುತ್ತಾನೆ ಎಂದು 1989ರ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನ್ಯಾಯಾಲಯ ಬಲವಂತವಾಗಿ ಪಡೆದ ಉತ್ತರಕ್ಕೆ ಹಳೆಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ರಕ್ಷಣೆ ಇತ್ತು. ಕ್ಷಮೆಯನ್ನೇ ಪಡೆಯದ ಸಹಾಪರಾಧಿಗೂ ಅಷ್ಟು ರಕ್ಷಣೆ ಸಾಕೆಂದು 1968ರ ಲಕ್ಷ್ಮೀಪತ್ ಚೊರಾರಿಯಾ ತೀರ್ಪು ಭಾವಿಸಿತ್ತು.

ಹೆಚ್ಚಿನ ಕೃತಿಗಳು ಇಲ್ಲಿಗೇ ನಿಲ್ಲುತ್ತವೆ. ಕಷ್ಟ ಇರುವುದು 1973ರ ಸಂಹಿತೆಯ 308ನೇ (ಈಗ 345ನೇ) ಕಲಮಿನಲ್ಲಿ. ಮಾಫಿ ಸಾಕ್ಷಿ ಸತ್ಯ ಮುಚ್ಚಿಟ್ಟ ಅಥವಾ ಸುಳ್ಳು ಹೇಳಿದ ಎಂದು ಸರ್ಕಾರಿ ಅಭಿಯೋಜಕರು ಪ್ರಮಾಣೀಕರಿಸಿದರೆ ಅವನ ಮೇಲೂ ಮೊಕದ್ದಮೆ ನಡೆಯಬಹುದು. ಆಗ ಕ್ಷಮೆಯ ಭರವಸೆಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಅವನು ಕೊಟ್ಟಿದ್ದ ಹೇಳಿಕೆ ಅವನ ವಿರುದ್ಧವೇ ಸಾಕ್ಷ್ಯವಾಗುತ್ತದೆ. ಷರತ್ತು ಪಾಲಿಸಿದ್ದೇನೆಂದು ಅವನು ವಾದಿಸಬಹುದು. ಪಾಲಿಸಿಲ್ಲವೆಂದು ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್ನಿನದು. ಆದರೂ ಮೊದಲ ಹೇಳಿಕೆಯನ್ನು ಬದಲಿಸಲು ಹೆದರುವ ಸಾಕ್ಷಿಯ ಮಾತು ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಅದು ಸಣ್ಣ ಪ್ರಶ್ನೆಯಲ್ಲ.

ತಿರುವನಂತಪುರದ ಚಾಲೈ ಮಾರುಕಟ್ಟೆಗೆ ಸಮೀಪದ ಫೋರ್ಟ್ ಪೊಲೀಸ್ ಠಾಣೆಯ ಪ್ರಕರಣದಲ್ಲಿ ಮಾಫಿ ಸಾಕ್ಷ್ಯದ ಬಲವೂ ಬಲಹೀನತೆಯೂ ಒಟ್ಟಿಗೆ ಕಂಡವು. 2005ರ ಸೆಪ್ಟೆಂಬರ್ 27ರಂದು ಶ್ರೀಕಂಠೇಶ್ವರಂ ಪಾರ್ಕಿನಿಂದ ಹಿಡಿದು ತಂದ ಉದಯಕುಮಾರ್ ಪೊಲೀಸ್ ವಶದಲ್ಲಿದ್ದಾಗಲೇ ಸತ್ತರು. ತೊಡೆಗಳ ಮೇಲೆ ಕಬ್ಬಿಣದ ಕೊಳವೆ ಉರುಳಿಸಿ ಹಿಂಸಿಸಿದರು ಎಂಬುದು ಆರೋಪ. ಮೊದಲ ವಿಚಾರಣೆಯಲ್ಲಿ ಮುಖ್ಯ ಸಾಕ್ಷಿ ತಿರುಗಿಬಿದ್ದ. ಬಳಿಕ ತಾಯಿಯ ಹೋರಾಟದಿಂದ ತನಿಖೆ ಸಿಬಿಐಗೆ ಹೋಯಿತು. ಠಾಣೆಯ ಒಳಗಿನದನ್ನು ಬಲ್ಲವರು ಪೊಲೀಸರೇ. ಅವರಲ್ಲಿ ಕೆಲವರು ಮಾಫಿ ಸಾಕ್ಷಿಗಳಾದರು. 2018ರ ಜುಲೈಯಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಇಬ್ಬರು ಪೊಲೀಸರಿಗೆ ಮರಣದಂಡನೆ ವಿಧಿಸಿತು. 2025ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟ್ ಆರೋಪಿಗಳನ್ನು ಖುಲಾಸೆಗೊಳಿಸಿತು. ಸಿಬಿಐ ತನಿಖೆಯ ಲೋಪಗಳನ್ನೂ ಮಾಫಿ ಸಾಕ್ಷ್ಯವನ್ನು ನೆಚ್ಚಿದ್ದನ್ನೂ ಟೀಕಿಸಿತು. ಮಾಫಿ ಸಾಕ್ಷಿ ನಂಬಲರ್ಹನಾಗಿರಬೇಕು, ಅವನ ಮಾತಿಗೆ ಬೇರೆ ಆಧಾರವೂ ಇರಬೇಕು ಎಂಬ ಎರಡು ಒರೆಗಳನ್ನು 1957ರ ಸರವಣ್ ಸಿಂಗ್ ತೀರ್ಪೇ ಇಟ್ಟಿತ್ತು. ಮಗನನ್ನು ಕಳೆದುಕೊಂಡ ತಾಯಿಗೆ ಇಪ್ಪತ್ತು ವರ್ಷದ ಬಳಿಕ ಸಿಕ್ಕ ಈ ಫಲಿತಾಂಶ ಅತ್ಯಂತ ನೋವಿನದು.

ಕೇರಳದ ಇನ್ನೊಂದು ಉದಾಹರಣೆ ಕ್ಷಮೆಯ ಎಲ್ಲೆಯನ್ನು ತೋರಿಸುತ್ತದೆ. 2020ರ ಜುಲೈ 5ರಂದು ತಿರುವನಂತಪುರ ವಿಮಾನ ನಿಲ್ದಾಣದಲ್ಲಿ ರಾಜತಾಂತ್ರಿಕ ಸರಕಿನೊಳಗೆ ಸುಮಾರು 30 ಕಿಲೋ ಚಿನ್ನ ಸಿಕ್ಕ ಪ್ರಕರಣದಲ್ಲಿ ಆರೋಪಿಯೊಬ್ಬರು ಎನ್‌ಐಎ ಪರ ಮಾಫಿ ಸಾಕ್ಷಿಯಾದರು. ಆ ಕ್ಷಮೆ ಎನ್‌ಐಎ ಮೊಕದ್ದಮೆಗೆ ಸೀಮಿತ. ಕಸ್ಟಮ್ಸ್ ಮತ್ತು ಜಾರಿ ನಿರ್ದೇಶನಾಲಯದ ಪ್ರಕರಣಗಳು ಬೇರೆಯಾಗಿದ್ದವು, ಕೊಫೆಪೋಸಾ ಕಾಯ್ದೆಯಡಿ ಮುಂಜಾಗ್ರತಾ ಬಂಧನವೂ ಇತ್ತು. ಒಂದು ಸಂಸ್ಥೆಗೆ ಬಾಯಿ ಬಿಟ್ಟವನು ಮತ್ತೊಂದರ ಮುಂದೆ ಆರೋಪಿಯಾಗಿಯೇ ಉಳಿಯುತ್ತಾನೆ. ಮೌನದ ಹಕ್ಕು ಅವನಿಗೆ ನಿಜಕ್ಕೂ ಬೇಕಾಗುವುದು ಅಲ್ಲಿಯೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ಕಲಮುಗಳು 343ರಿಂದ 345. ಪುಷ್ಟೀಕರಣವಿಲ್ಲದ ಸಹಾಪರಾಧಿಯ ಸಾಕ್ಷ್ಯದ ಮೇಲೆ ಶಿಕ್ಷೆ ಕೊಟ್ಟರೂ ಅದು ಕಾನೂನುಬಾಹಿರವಲ್ಲ ಎಂದಿದ್ದ ಹಳೆಯ ಮಾತನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 138ನೇ ಕಲಮು ತಿದ್ದಿದೆ. ಈಗ ಪುಷ್ಟೀಕರಣಗೊಂಡ ಸಾಕ್ಷ್ಯದ ಮಾತು ಬಂದಿದೆ. ಷರತ್ತು ಮುರಿದವನ ಹೇಳಿಕೆ ಅವನ ವಿರುದ್ಧವೇ ಬಳಕೆಯಾಗುವ ನಿಯಮ ಮಾತ್ರ 345ರಲ್ಲಿ ಹಾಗೆಯೇ ಉಳಿದಿದೆ.