ಹಬ್ಬದ ಎಲೆಯ ಹಿಂದಿನ ಲೆಕ್ಕ

ಬೆಂಗಳೂರಿನಿಂದ ಬನ್ನೇರುಘಟ್ಟಕ್ಕೆ ಹೋಗುವ ದಾರಿಯಲ್ಲಿ ಬಿಳೇಕಹಳ್ಳಿಯನ್ನು ದಾಟಿ ಹುಳಿಮಾವನ್ನು ಮುಟ್ಟುವುದಕ್ಕೆ ಮುನ್ನ ಸಿಗುವ ಅರೆಕೆರೆಯು, 2007ರಲ್ಲಿ ಬೊಮ್ಮನಹಳ್ಳಿ ನಗರಸಭೆಯೊಡನೆ ಮಹಾನಗರ ಪಾಲಿಕೆಯಲ್ಲಿ ಲೀನವಾಗಿ ಇಂದು ಅಪಾರ್ಟ್‌ಮೆಂಟುಗಳ ಊರಾಗಿದ್ದರೂ, ಮೂಲತಃ ಬೇಗೂರು ಹೋಬಳಿಯ ಒಂದು ಕೆರೆಬದಿಯ ಹಳ್ಳಿ. ಈ ಸೀಮೆಯ ಪ್ರಾಚೀನತೆಯನ್ನು ಹೇಳಹೊರಟವರು ಬೇಗೂರಿನ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರದೆನ್ನಲಾದ, ಬೆಂಗಳೂರಿನ ಕಾಳಗವನ್ನು ಹೆಸರಿಸುವ ವೀರಗಲ್ಲಿನ ಬಳಿಗೆ ಹೋಗುವುದು ವಾಡಿಕೆ. ಅದು ಉಚಿತವೂ ಹೌದು. ಆದರೆ ಯಾವ ಕಲ್ಲಿನ ಮೇಲೂ ಯಾರೂ ಕೊರೆಯಿಸದ ಇನ್ನೊಂದು ಇತಿಹಾಸ ಈ ಹಳ್ಳಿಗಳಿಗಿದೆ. ವರ್ಷವೆಲ್ಲ ಮುದ್ದೆ ಸೊಪ್ಪುಸಾರುಗಳಿಂದ ಜೀವನವನ್ನು ಸಾಗಿಸಿದ ಒಂದು ಸಂಸಾರವು, ಹಬ್ಬದ ದಿನ ತವರಿಗೆ ಬಂದ ಹೆಣ್ಣುಮಕ್ಕಳಿಗೂ ಅಳಿಯಂದಿರಿಗೂ ಬೀಗರಿಗೂ ಎಲೆ ಹಾಕಿ, ಅನ್ನ ಒಬ್ಬಟ್ಟುಗಳನ್ನು ಸಾಕೆನ್ನುವವರೆಗೆ ಬಡಿಸುವ ಶಕ್ತಿಯನ್ನು ಎಲ್ಲಿಂದ ತಂದುಕೊಳ್ಳುತ್ತಿತ್ತೆಂಬುದೇ ಆ ಇತಿಹಾಸ. ನಾನು ತಿಳಿದಮಟ್ಟಿಗೆ, ಈ ಜನ ಎಲೆಯ ಮುಂದೆ ಎಂದೂ ಕೈ ಬಿಗಿಹಿಡಿದವರಲ್ಲ. ಮಿತವ್ಯಯವೆಲ್ಲ ಹಬ್ಬಕ್ಕೆ ಮುಂಚಿನ ತಿಂಗಳುಗಳಲ್ಲೇ ನಡೆದು, ಒಂದು ದಿನಕ್ಕೆ ಭಾರವಾದ ವೆಚ್ಚವು ಹನ್ನೆರಡು ತಿಂಗಳುಗಳ ಮೇಲೆಯೂ, ಒಂದು ಮನೆಗೆ ಭಾರವಾದದ್ದು ಹತ್ತಾರು ಮನೆಗಳ ಮೇಲೆಯೂ ಹರಡಿಹೋಗುತ್ತಿತ್ತು.

ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಆಜ್ಞೆಯಂತೆ ಈ ನಾಡನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಸುತ್ತಲ ಬೇಸಾಯವನ್ನು ಸವಿಸ್ತಾರವಾಗಿ ವರ್ಣಿಸಿದ್ದಾನೆ. ಅವನ ಬರವಣಿಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬೆಳೆ ರಾಗಿಯೇ. ಖುಷ್ಕಿ ಹೊಲದಲ್ಲಿ ರಾಗಿ, ಅದರ ನಡುವೆ ಅಕ್ಕಡಿಯ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಹರಳು. ಕೆರೆಯ ಕೆಳಗೆ ಒಂದಿಷ್ಟು ತರಿ ಜಮೀನಿದ್ದವರಿಗೆ ಮಾತ್ರ ಭತ್ತ. ಹೀಗಾಗಿ ಅನ್ನವೆಂಬುದು ಇಲ್ಲಿ ನಿತ್ಯದ ಆಹಾರವಾಗಿರದೆ ಹಬ್ಬದ, ಮದುವೆಯ, ಬಾಣಂತಿಯ ಅಥವಾ ರೋಗಿಯ ಆಹಾರವಾಗಿತ್ತು. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ ರಾಗಿಗಳ ನಡುವೆ ವಾದವನ್ನು ಹೂಡಿ, ಶ್ರೀರಾಮನ ಸಭೆಯಲ್ಲಿ ರಾಗಿಗೇ ಗೆಲವನ್ನು ಕೊಡಿಸಿದುದನ್ನು ಈ ಸೀಮೆಯ ಒಕ್ಕಲು ಮಕ್ಕಳು ತಮ್ಮ ಗೆಲವೆಂದೇ ಭಾವಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹುಳ ಹಿಡಿಯದೆ, ನೆಲದಡಿಯ ಕಣಜವಾದ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದಿರುವ ರಾಗಿಯೇ ಇವರ ಬ್ಯಾಂಕು. ಅದರಿಂದ ಒಂದಿಷ್ಟನ್ನು ತೆಗೆದು ಸಂತೆಯಲ್ಲಿ ಮಾರಿಯೋ ಬದಲಾಯಿಸಿಯೋ ಹಬ್ಬದ ಅಕ್ಕಿಯನ್ನು ಸೇರಿನ ಲೆಕ್ಕದಲ್ಲಿ ತರುತ್ತಿದ್ದರು.

ಯುಗಾದಿಯ ಅಡಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ಮಿತವ್ಯಯದ ವಿವೇಕದ ಆಳ ತಿಳಿಯುತ್ತದೆ. ತೊಗರಿಯ ಕೊಯ್ಲು ಮುಗಿದಿರುತ್ತದೆ, ಆಲೆಮನೆಗಳಿಂದ ಹೊಸ ಬೆಲ್ಲ ಬಂದಿರುತ್ತದೆ, ಹೊಸ ಹುಣಿಸೆಯನ್ನು ಕುಟ್ಟಿ ಗಡಿಗೆಗೆ ತುಂಬಿರುತ್ತಾರೆ, ಮಾವಿನ ಮರದಲ್ಲಿ ಎಳೆಗಾಯಿ, ಬೇವಿನಲ್ಲಿ ಹೂವು. ಹಬ್ಬದೆಲೆಯ ಮೇಲಿನ ಬಹುತೇಕ ಪದಾರ್ಥಗಳು ಆ ಋತುವಿನಲ್ಲಿ ಅಗ್ಗವಾಗಿಯೋ ಪುಕ್ಕಟೆಯಾಗಿಯೋ ದೊರೆಯುವಂಥವೇ. ಬೇಳೆಯನ್ನು ಧಾರಾಳವಾದ ನೀರಿನಲ್ಲಿ, ಬೆರಳಿಗೆ ಮಣಿಯುವಷ್ಟು ಮಾತ್ರ ಬೇಯಿಸಿ, ಅದು ಕರಗುವ ಮೊದಲೇ ಬಸಿಯುತ್ತಾರೆ. ಬಸಿದ ಬೇಳೆ ಬೆಲ್ಲದೊಡನೆ ಒರಳಿಗೆ ಹೋಗಿ ಹೂರಣವಾಗುತ್ತದೆ. ಬಸಿದ ಕಟ್ಟು, ಒಂದು ಹಿಡಿ ಹೂರಣ, ಹುಣಿಸೆಹುಳಿ, ತೆಂಗಿನಕಾಯಿಯೊಡನೆ ಅರೆದ ಖಾರ, ಕೊನೆಗೆ ಹೂರಣ ರುಬ್ಬಿದ ಒರಳನ್ನು ತೊಳೆದ ನೀರು, ಇಷ್ಟೂ ಸೇರಿ ಒಬ್ಬಟ್ಟಿನ ಸಾರಾಗುತ್ತದೆ. ಒಂದೇ ಬೇಳೆಯಿಂದ ಸಿಹಿಯೂ ಸಾರೂ ಸಿದ್ಧವಾಗುವ ಈ ಏರ್ಪಾಡಿನಲ್ಲಿ ಒಂದು ತೊಟ್ಟೂ ಬಚ್ಚಲಿಗೆ ಹರಿಯದು. ಅದೇ ಸಾರನ್ನು ಮರುದಿನವೂ ಅದರ ಮರುದಿನವೂ ಕುದಿಸಿ ಕುದಿಸಿ ಉಂಡವರು ಮೊದಲ ದಿನದ್ದಕ್ಕಿಂತ ಅದರ ರುಚಿಯೇ ಮಿಗಿಲೆಂದು ಇಂದಿಗೂ ಹೇಳುತ್ತಾರೆ. ಬಡತನದ ಯುಕ್ತಿಯೊಂದು ಕಾಲಕ್ರಮದಲ್ಲಿ ಶ್ರೀಮಂತರೂ ಬಯಸುವ ಭಕ್ಷ್ಯವಾಗಿ ನಿಂತುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ಪಾಕಶಾಲೆಯಲ್ಲಿ ನನಗೆ ಕಾಣದು.

ಯುಗಾದಿಯ ಹೊತ್ತಿಗೆ ಕಣದ ಕೆಲಸವೆಲ್ಲ ಮುಗಿದು ಮನೆ ತುಂಬಿರುತ್ತಿತ್ತೆಂಬುದು ನಿಜ. ಆದರೆ ಗೌರಿಯ ಹಬ್ಬವೂ ಪಿತೃಪಕ್ಷವೂ ಬರುವುದು ರಾಗಿ ಇನ್ನೂ ಹೊಲದಲ್ಲಿ ನಿಂತಿರುವಾಗ, ಹಗೇವಿನ ತಳ ಕಾಣುವ ಭಾದ್ರಪದದಲ್ಲಿ. ಅಂಥ ಸಮಯದಲ್ಲಿ ಕೈಹಿಡಿಯುತ್ತಿದ್ದುದು ನೆರೆಹೊರೆ. “ಈ ಸಲ ಬೇಳೆ ನಮ್ಮದಿರಲಿ ಅತ್ತಿಗೆ, ಬೆಲ್ಲ ಕಾಯಿ ನೀವು ನೋಡಿಕೊಳ್ಳಿ” ಎಂಬ ಒಂದು ಮಾತಿನಲ್ಲಿ ಎರಡು ಮನೆಗಳ ಹಬ್ಬ ನಿಶ್ಚಯವಾಗುತ್ತಿತ್ತು. ಮುಯ್ಯಿಗೆ ಮುಯ್ಯಿ ಎಂಬ ನಿಯಮದಂತೆ ಇಂದು ಕೊಟ್ಟ ಅಕ್ಕಿ ನಾಳೆ ಅವರ ಮನೆಯ ಕಾರ್ಯಕ್ಕೆ ಹಿಂದಿರುಗುತ್ತಿತ್ತು. ಸುಗ್ಗಿಯಲ್ಲಿ ಕಣದಿಂದಲೇ ಆಯವನ್ನು ಪಡೆಯುತ್ತಿದ್ದ ಕಮ್ಮಾರ, ಅಗಸ, ತೋಟಿ, ನೀರುಗಂಟಿ ಮೊದಲಾದವರಿಗೂ ಹಬ್ಬದ ಅಡಿಗೆಯಲ್ಲಿ ಪಾಲಿರುತ್ತಿತ್ತು. ಈ ವ್ಯವಸ್ಥೆಯನ್ನು ನಾನು ಹಿಂಜರಿಕೆಯಿಲ್ಲದೆ ಹೊಗಳಲಾರೆ. ಪಾಲು ಎಲ್ಲರಿಗೂ ಇತ್ತಾದರೂ ಪಂಕ್ತಿ ಎಲ್ಲರಿಗೂ ಒಂದಾಗಿರಲಿಲ್ಲ. ಜಗುಲಿಯ ಮೇಲೆ ಕುಳಿತು ಉಂಡವರೂ ಅಂಗಳದ ಅಂಚಿನಲ್ಲಿ ನಿಂತು ಪಾತ್ರೆಯೊಡ್ಡಿದವರೂ ಒಂದೇ ಊರಿನವರಾಗಿದ್ದರೆಂಬುದನ್ನು ಮರೆತು ಬರೆದ ಇತಿಹಾಸ ಇತಿಹಾಸವಾಗದು.

ಬರಗಾಲವು ಈ ಹೆಣಿಗೆಯನ್ನೆಲ್ಲ ಹರಿದೊಗೆಯುತ್ತಿತ್ತು. ಧಾತು ಈಶ್ವರ ಸಂವತ್ಸರಗಳ, ಎಂದರೆ 1876-78ರ ಮಹಾಕ್ಷಾಮದಲ್ಲಿ, 1871ರ ಜನಗಣತಿಯಂತೆ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷಕ್ಕೂ ಕೆಳಗಿಳಿದಿತ್ತು. ಅಂಥ ವರ್ಷಗಳ ನೆನಪು ಅಳಿಯದ ರೈತನನ್ನು, ಹಬ್ಬ ಮದುವೆಗಳಿಗೆ ಸಾಲಮಾಡಿ ಕೆಟ್ಟನೆಂದು ಆ ಕಾಲದ ಅಧಿಕಾರಿಗಳು ನಿಂದಿಸುವುದು ರೂಢಿಯಾಗಿತ್ತು. ಆದರೆ 1875ರಲ್ಲಿ ಪುಣೆ ಅಹಮದ್‌ನಗರಗಳ ರೈತರು ಸಾಹುಕಾರರ ವಿರುದ್ಧ ದಂಗೆಯೆದ್ದಾಗ ವಿಚಾರಣೆ ನಡೆಸಿದ ಆಯೋಗವೇ, ಮದುವೆ ಹಬ್ಬಗಳ ಖರ್ಚಿನ ಮೇಲೆ ಹೊರಿಸಿದ ಹೊಣೆ ಅತಿಯಾದುದೆಂಬ ನಿರ್ಣಯಕ್ಕೆ ಬಂದಿತ್ತು. ವರ್ಷದಲ್ಲಿ ನಾಲ್ಕಾರು ದಿನ ಸಿಹಿಯುಣ್ಣುವುದನ್ನು ದುಂದುಗಾರಿಕೆಯೆನ್ನುವವನು ಉಳಿದ ದಿನಗಳ ಊಟವನ್ನೂ ಕಂಡಿರಬೇಕೆಂಬುದು ನನ್ನ ದೃಢವಾದ ಅಭಿಮತ.

ಸಾಹುಕಾರನ ಬಾಗಿಲಿಗೆ ಹೋಗದೆ ಹಬ್ಬವನ್ನು ನಡೆಸಲು ಈ ಜನ ಕಂಡುಕೊಂಡ ಉಪಾಯಗಳಲ್ಲಿ ಅತ್ಯಂತ ಸೊಗಸಾದದ್ದು ಚೀಟಿ. ಯುಗಾದಿಯ ಮರುದಿನ ಹೊಸತೊಡಕು, ಕೆಲವರ ಬಾಯಲ್ಲಿ ವರ್ಷತೊಡಕು. ಮಾಂಸಾಹಾರಿಗಳಾದ ಮನೆಗಳಲ್ಲೆಲ್ಲ ಅಂದು ಬಾಡೂಟ ಆಗಲೇಬೇಕು. ಆ ಒಂದು ದಿನ ಅಂಗಡಿಯಲ್ಲಿ ಮಾಂಸದ ಬೆಲೆ ಏರುವುದು ನಿಶ್ಚಿತವಾದುದರಿಂದ, ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿಯೂ ಮಂಡ್ಯ ರಾಮನಗರದ ಕಡೆಯಲ್ಲಿಯೂ ಇಂದಿಗೂ ಹತ್ತಾರು ಮನೆಗಳವರು ಕೂಡಿ ಒಂದು ಯುಗಾದಿಯಿಂದ ಮತ್ತೊಂದು ಯುಗಾದಿಯವರೆಗೆ ವಾರಕ್ಕೋ ತಿಂಗಳಿಗೋ ಇಷ್ಟೆಂದು ಹಣ ಕಟ್ಟುತ್ತಾರೆ. ಉದಾಹರಣೆಗೆ, 20 ಮನೆಗಳು ತಿಂಗಳಿಗೆ 100 ರೂಪಾಯಿಯಂತೆ ಕಟ್ಟಿದರೆ ವರ್ಷಕ್ಕೆ 24,000 ರೂಪಾಯಿ. ಅದು ಸುಮ್ಮನಿರದೆ ನಡುವೆ ಕಷ್ಟದಲ್ಲಿರುವ ಸದಸ್ಯನಿಗೆ ಬಡ್ಡಿಗೆ ಹೋಗಿ, ಹಬ್ಬದ ಹೊತ್ತಿಗೆ ಇನ್ನಷ್ಟು ಬೆಳೆದು ಹಿಂದಿರುಗುತ್ತದೆ. ಹಬ್ಬ ಸಮೀಪಿಸಿದಾಗ ನಾಲ್ವರು ಹೋಗಿ ಸಂತೆಯಲ್ಲಿ ಕುರಿಗಳನ್ನು ಹಿಡಿದು, ಬೆನ್ನುಮೂಳೆಯನ್ನು ಮುಟ್ಟಿ ನೋಡಿ, ಚೌಕಾಶಿ ಮಾಡಿ ತರುತ್ತಾರೆ.

ತೊಡಕಿನ ದಿನ ಬೆಳಕು ಹರಿಯುವ ಮೊದಲೇ ಕೊಯ್ದ ಮಾಂಸವನ್ನು ಹಾಸಿದ ತಾಟಿನ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕುವುದನ್ನು ಕಂಡವರು ಆ ನ್ಯಾಯವನ್ನು ಮರೆಯಲಾರರು. ಮೆತ್ತನೆಯ ತುಂಡೆಲ್ಲ ಒಂದು ಗುಡ್ಡೆಗೆ, ಎಲುಬೆಲ್ಲ ಇನ್ನೊಂದಕ್ಕೆ ಎಂಬ ಮಾತೇ ಇಲ್ಲ. ಈಲಿ, ಬೋಟಿ, ಕೊಬ್ಬು, ಮೂಳೆ ಪ್ರತಿಯೊಂದೂ ಪ್ರತಿ ಗುಡ್ಡೆಗೂ ಸ್ವಲ್ಪಸ್ವಲ್ಪವಾಗಿ ಬೀಳುತ್ತದೆ, ಒಂದರಲ್ಲಿ ಕಡಿಮೆ ಕಂಡರೆ ಇನ್ನೊಂದರಿಂದ ಎರಡು ತುಂಡನ್ನು ಎತ್ತಿಡುತ್ತಾರೆ. ಗುಡ್ಡೆ ಬಾಡೆಂದು ಕರೆಯುವ ಈ ಪಾಲಿನಲ್ಲಿ ಉಳ್ಳವನದಕ್ಕೂ ಕೂಲಿಯವನದಕ್ಕೂ ಅಂತರವಿಲ್ಲ. ಪಂಕ್ತಿಯಲ್ಲಿ ಸಿಗದ ಸಮಾನತೆ ಇಲ್ಲಿ ತಕ್ಕಮಟ್ಟಿಗಾದರೂ ಸಿಕ್ಕಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಪೇಟೆಯವರನ್ನೂ ತಟ್ಟಿತು. ಲಾಲ್‌ಬಾಗಿನ ಬಳಿಯ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಅಕ್ಕಿಯಿಲ್ಲದೆ ರವೆಯಿಂದ ಇಡ್ಲಿ ಮಾಡಿದುದು ಆಗಲೇ ಎಂದು ಆ ಸಂಸ್ಥೆ ಹೇಳಿಕೊಂಡು ಬಂದಿದೆ. ರೇಷನ್ ಕಾರ್ಡು ಮನೆಯ ಮುಖ್ಯ ಕಾಗದವಾದುದೂ, ಹಬ್ಬದ ಸಕ್ಕರೆಗಾಗಿ ‘ಸೊಸೈಟಿ’ಯ ಮುಂದೆ ಸಾಲು ನಿಲ್ಲುವುದು ಹೆಂಗಸರ ಕೆಲಸವಾದುದೂ ಈ ಅಭಾವದ ದಶಕಗಳಲ್ಲಿಯೇ. 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟವನ್ನು ಬಿಡಿರೆಂದು ದೇಶವನ್ನು ಬೇಡಿದಾಗ, ರಾಗಿಯ ಸೀಮೆಯವರಿಗೆ ಆ ವ್ರತ ಹೊಸದಾಗಿರಲಿಲ್ಲ.

ಅಷ್ಟರಲ್ಲಿ ಈ ಹಳ್ಳಿಗಳ ಬಳಿಗೆ ತಿಂಗಳ ಸಂಬಳವೆಂಬುದು ಬಂದಿತ್ತು. 1951ರಲ್ಲಿ ಸ್ಥಾಪಿತವಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆಯ ಹೆಸರನ್ನೇ ಅರೆಕೆರೆಯ ಒಂದು ಬಡಾವಣೆ ಇಂದಿಗೂ ಹೊತ್ತಿದೆ. 1965ರ ಬೋನಸ್ ಕಾಯಿದೆಯು ಕಾರ್ಮಿಕನ ಹಬ್ಬಕ್ಕೆ ಕಾನೂನಿನ ಆಸರೆಯನ್ನಿತ್ತಿತು. ಸರ್ಕಾರಿ ನೌಕರರಿಗೆ ಬಡ್ಡಿಯಿಲ್ಲದ ಹಬ್ಬದ ಮುಂಗಡ ದೊರೆತು, ಹತ್ತು ಕಂತುಗಳಲ್ಲಿ ಸಂಬಳದಿಂದ ಮುರಿದುಹೋಗುತ್ತಿತ್ತು. ಹಳ್ಳಿಯ ಚೀಟಿ ಹಬ್ಬಕ್ಕೆ ಮೊದಲೇ ಕೂಡಿಟ್ಟದ್ದನ್ನು ಪಟ್ಟಣದ ಮುಂಗಡ ಹಬ್ಬದ ನಂತರ ತೀರಿಸುವಂತೆ ಮಾಡಿತು. ಎರಡರ ಗುರಿಯೂ ಒಂದೇ ಆದರೂ, ಮುಂಗಡ ನೌಕರನೊಬ್ಬನ ಮತ್ತು ಕಚೇರಿಯ ನಡುವಿನ ವ್ಯವಹಾರ; ಚೀಟಿಯಲ್ಲಿ ಇಪ್ಪತ್ತು ಮನೆಗಳು ಒಂದನ್ನೊಂದು ವರ್ಷವಿಡೀ ಬಲ್ಲವು, ಯಾರ ಮನೆಯಲ್ಲಿ ಕಂತಿಗೆ ತಡವಾಯಿತು, ಏಕೆ ತಡವಾಯಿತು ಎಂಬುದು ಕೂಡ ತಿಳಿದು ಸಹಾಯ ತಾನಾಗಿ ಹೋಗುತ್ತದೆ. ಆದುದರಿಂದ ನಾನು ಚೀಟಿಯ ಪಕ್ಷಪಾತಿ.

ಇಂದು ಒಬ್ಬಟ್ಟು ಬಿಡಿಯಾಗಿ ಎಣಿಸಿ ಮಾರುವ ಅಂಗಡಿಗಳು ಬನ್ನೇರುಘಟ್ಟ ರಸ್ತೆಯ ಆಸುಪಾಸಿನಲ್ಲಿಯೂ ಉಂಟು. ಹೊತ್ತಿಲ್ಲದವರು ಕೊಂಡರೆ ಅದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಆದರೆ ಹಬ್ಬದ ಖರ್ಚು ಹೆಚ್ಚಾಯಿತೆಂದು ಬಂಧುಗಳನ್ನು ಕರೆಯುವುದನ್ನೇ ಬಿಟ್ಟ ಸಂಸಾರಗಳನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಅರೆಕೆರೆ, ಹುಳಿಮಾವು, ಬೇಗೂರುಗಳ ಹಳೆಯ ಮನೆಗಳ ಹಿರಿಯರಲ್ಲಿ ನನ್ನದೊಂದು ಪ್ರಾರ್ಥನೆ: ಪೆಟ್ಟಿಗೆಯ ತಳದಲ್ಲಿ ಹಬ್ಬದ ಚೀಟಿಯ ಪುಸ್ತಕ ಇನ್ನೂ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಯಾವ ವರ್ಷ ಕಂತು ಎಷ್ಟಿತ್ತು, ಕುರಿ ಎಷ್ಟಕ್ಕೆ ಬಂತು, ಎಷ್ಟು ಮನೆಗಳು ಕೂಡಿದ್ದುವು ಎಂಬುದನ್ನು ಮೊಮ್ಮಕ್ಕಳಿಗೆ ಓದಿ ಹೇಳಿ. ಮುಂದಿನ ಯುಗಾದಿಗೆ ನಿಮ್ಮ ಬೀದಿಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸ ಪುಸ್ತಕವೊಂದನ್ನು ತೆರೆಯಲು ಈ ತಿಂಗಳೇ ಸಕಾಲ.